ಶೀಷೆಯ ಮೇಲಿನ ಹೆಸರು

“ವಿಧವೆ ಅಂತ ಅಚ್ಚು ಹಾಕಿಸಿ ಯಾರಾದರೂ ಸಾಮಾನು ಮಾರುತ್ತಾರೇನೆ?” ಎಂದು ನಾನು ಮಗಳನ್ನು ಕೇಳಿದ್ದು ಪ್ಯಾರಿಸ್ಸಿನ ಅವಳ ಬೆಂಕಿಪೊಟ್ಟಣದಂಥ ಮನೆಯಲ್ಲಿ, ಹುಳಿಗೆ ಒಗ್ಗರಣೆ ಹಾಕುತ್ತ. ಅದು 2025ರ ಬೇಸಿಗೆ ರಜೆ. ಪರೀಕ್ಷೆ, ಫಲಿತಾಂಶಗಳ ಗಲಾಟೆ ಮುಗಿಸಿ, ಮಗಳ ಜೊತೆ ಮೂರು ವಾರ ಇದ್ದು ಬರೋಣವೆಂದು ಹೋಗಿದ್ದೆ. ಗೋಪುರ, ಅರಮನೆ, ಚಿತ್ರಶಾಲೆಗಳೆಲ್ಲ ಆದ ಮೇಲೆ ಅವಳು ಬಣ್ಣದ ಕಾಗದವೊಂದನ್ನು ಮುಂದೆ ಹಿಡಿದು, “ಶಾಂಪೇನ್ ಸೀಮೆಗೆ ಒಂದು ದಿನದ ಪ್ರವಾಸ, ಇಬ್ಬರಿಗೂ ದುಡ್ಡು ಕಟ್ಟಿಬಿಟ್ಟಿದ್ದೇನೆ” ಅಂದಳು. ನಾನು ಹೌಹಾರಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾನನಿಷೇಧದ ಮೇಲೆ ಪ್ರಬಂಧ ಬರೆಸಿದವಳು ನಾನು. “ಹೆಂಡ ಅಲ್ಲಮ್ಮ, ಇತಿಹಾಸ. ನೀನು ಪಾಠ ಮಾಡುವ ವಿಷಯವೇ” ಎಂದು ಅವಳು ನಕ್ಕಳು. ಆ ಕಾಗದದಲ್ಲಿ ಹಳದಿ ಚೀಟಿ ಅಂಟಿಸಿದ ಶೀಷೆಯ ಚಿತ್ರವಿತ್ತು. ಚೀಟಿಯ ಮೇಲಿನ ‘ವವ್ ಕ್ಲಿಕೋ’ ಎಂಬುದರ ಅರ್ಥ ಕೇಳಿದಾಗ ಅವಳು ಒಂದು ಕ್ಷಣ ತಡೆದು, “ವವ್ ಅಂದರೆ ವಿಧವೆ. ಕ್ಲಿಕೋ ಅವಳ ಗಂಡನ ಮನೆತನದ ಹೆಸರು” ಎಂದಳು.

ತಡೆದದ್ದೇಕೆಂದು ನನಗೆ ಗೊತ್ತು. ನನ್ನ ಯಜಮಾನರು ಹೋಗಿ ಆಗ ನಾಲ್ಕು ವರ್ಷವಾಗಿತ್ತು. ನನ್ನೆದುರು ಆ ಪದವನ್ನು ಯಾರೂ ಆಡುವುದಿಲ್ಲ. ಆಡದೆಯೇ ಎಷ್ಟು ಕೆಲಸ ನಡೆಯುತ್ತದೆ ಎನ್ನುತ್ತೀರಿ! ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ದೀಪ ಹಚ್ಚುವಾಗ ಹಿರಿಯಳೆಂದು ನನ್ನ ಕೈಗೆ ಬರಬೇಕಾದ ಮೇಣದಬತ್ತಿ ನನ್ನನ್ನು ಸುತ್ತು ಹಾಕಿ ಪಕ್ಕದವರ ಕೈ ಸೇರಿತು. ಯಾರೂ ಕೆಟ್ಟವರಲ್ಲ. ನನಗೇ ಮುಜುಗರವಾಗದಿರಲೆಂದು ಹಾಗೆ ಮಾಡಿದರಂತೆ. ಅದೇ ಪದವನ್ನು ಮುಂದಿಟ್ಟುಕೊಂಡು ಇನ್ನೂರು ವರ್ಷಗಳಿಂದ ಜಗತ್ತಿಗೆಲ್ಲ ಶೀಷೆ ಮಾರುತ್ತಿದ್ದಾರೆಂದರೆ ನೋಡಿಯೇ ಬರೋಣ ಎನ್ನಿಸಿತು.

ಪ್ಯಾರಿಸ್ಸಿನಿಂದ ಪೂರ್ವಕ್ಕೆ, ವೇಗದ ರೈಲಿನಲ್ಲಿ ನಲವತ್ತೈದು ನಿಮಿಷದ ದಾರಿ. ಊರಿನ ಹೆಸರನ್ನು ಬರೆಯುವುದು ‘ರೈಮ್ಸ್’ ಎಂಬಂತೆ, ಕರೆಯುವುದು ‘ರಾನ್ಸ್’ ಎಂದು. ನಿಲ್ದಾಣದ ಹೊರಗೆ ಎಂಟು ಜನ ಹಿಡಿಸುವ ಸಣ್ಣ ವ್ಯಾನು ಕಾದಿತ್ತು. ಅದರಲ್ಲಿ ಅಮೆರಿಕದ ಎರಡು ಜೋಡಿ, ಇಬ್ಬರು ಜಪಾನಿ ಹುಡುಗಿಯರು, ಮತ್ತೆ ರೇಷ್ಮೆ ಸೀರೆಗೆ ಕ್ಯಾನ್‌ವಾಸ್ ಷೂ ಹಾಕಿ ಮೇಲೊಂದು ಸ್ವೆಟರು ತೊಟ್ಟ ನಾನು, ನನ್ನ ಮಗಳು. ಮಾರ್ಗದರ್ಶಿ ನನ್ನ ವಯಸ್ಸಿನದೇ ಹೆಂಗಸು. ಮೊದಲ ಐದು ನಿಮಿಷದಲ್ಲೇ ಇವಳೂ ಯಾವಾಗಲೋ ಮೇಷ್ಟರಾಗಿದ್ದವಳೇ ಇರಬೇಕು ಎನ್ನಿಸಿತು. ಹೇಳಿದ್ದನ್ನು ಎರಡು ಸಲ ಹೇಳುತ್ತಿದ್ದಳು, ಹಿಂದಿನ ಸೀಟಿನವರು ಮಾತಾಡಿದರೆ ನಿಲ್ಲಿಸಿ ದಿಟ್ಟಿಸುತ್ತಿದ್ದಳು.

ಫ್ರಾನ್ಸಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ದೊಡ್ಡ ಚರ್ಚನ್ನು ಮೊದಲು ತೋರಿಸಿದಳು. 1914ರ ಸೆಪ್ಟೆಂಬರಿನಲ್ಲಿ ಜರ್ಮನ್ನರ ಗುಂಡಿಗೆ ಹೊತ್ತಿ ಉರಿದು ಮತ್ತೆ ಎದ್ದು ನಿಂತದ್ದು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾವು ಬಂದದ್ದು ನೆಲದ ಕೆಳಗಿನದನ್ನು ನೋಡಲು.

ಈ ಊರಿನ ಅಡಿಯೆಲ್ಲ ಸುಣ್ಣಕಲ್ಲು. ರೋಮನ್ನರ ಕಾಲದಿಂದಲೂ ಮನೆ ಕಟ್ಟಲು ಇಲ್ಲಿ ಕಲ್ಲು ತೆಗೆಯುತ್ತಿದ್ದರಂತೆ. ಬಾಯಿ ಕಿರಿದು, ತಳ ಅಗಲ, ನಮ್ಮ ಹಗೇವಿನ ಆಕಾರದ ಆಳವಾದ ಗುಂಡಿಗಳು. ಆಮೇಲೆ ಬಂದ ವ್ಯಾಪಾರಿಗಳು ಆ ಗುಂಡಿಗಳನ್ನು ಒಂದಕ್ಕೊಂದು ಸುರಂಗದಿಂದ ಜೋಡಿಸಿ ಶೀಷೆ ಇಡಲು ಬಳಸಿಕೊಂಡರು. ಬೇಸಿಗೆ ಚಳಿಗಾಲ ಎರಡರಲ್ಲೂ ಹತ್ತು ಹನ್ನೆರಡು ಡಿಗ್ರಿಯಷ್ಟು ತಂಪು. ಕ್ಲಿಕೋ ಮನೆಯವರ ನೆಲಮಾಳಿಗೆಗೆ ಇಳಿದಾಗ ನಾನು ಮಾಡಿದ ಮೊದಲ ಕೆಲಸ ಗೋಡೆಯನ್ನು ಬೆರಳಿನಿಂದ ಉಜ್ಜಿದ್ದು. ಬೆರಳು ಬೆಳ್ಳಗಾಯಿತು. ಅದು ಸೀಮೆಸುಣ್ಣ! ಒಂದು ತುಂಡಿಗಾಗಿ ಆಫೀಸಿನ ಬೀರುವಿನ ಮುಂದೆ ನಿಲ್ಲುತ್ತಿದ್ದ ನಾನು ಸೀಮೆಸುಣ್ಣದ ಅರಮನೆಯೊಳಗೆ ನಿಂತಿದ್ದೆ.

ಬಾರ್ಬ್ ನಿಕೋಲ್ ಪೋನ್ಸಾರ್ಡಿನ್ ಹುಟ್ಟಿದ್ದು 1777ರಲ್ಲಿ, ಇದೇ ಊರಿನ ಬಟ್ಟೆ ವ್ಯಾಪಾರಿಯ ಮಗಳಾಗಿ. 1798ರಲ್ಲಿ ಫ್ರಾನ್ಸುವಾ ಕ್ಲಿಕೋನನ್ನು ಮದುವೆಯಾದಳು. ಅವನ ತಂದೆ 1772ರಲ್ಲಿ ಬಟ್ಟೆಯ ಜೊತೆಗೆ ದ್ರಾಕ್ಷಾರಸದ ವ್ಯಾಪಾರ ಶುರುಮಾಡಿದ್ದ. 1805ರಲ್ಲಿ ಗಂಡ ತೀರಿಕೊಂಡ. ಅವಳಿಗೆ ಇಪ್ಪತ್ತೇಳು, ಕಂಕುಳ ಬಿಟ್ಟು ಓಡಾಡುವ ಒಬ್ಬಳೇ ಮಗಳು. ಮಗ ಹೋದ ದುಃಖದಲ್ಲಿ ಮಾವ ಅಂಗಡಿ ಮುಚ್ಚಿಬಿಡುತ್ತೇನೆಂದ. ಸೊಸೆ ಮುಚ್ಚಗೊಡಲಿಲ್ಲ.

ಇಲ್ಲಿ ಮಾರ್ಗದರ್ಶಿ ನಿಂತು ಒಂದು ಕಾನೂನಿನ ಮಾತು ಹೇಳಿದಳು. 1804ರಲ್ಲಿ ನೆಪೋಲಿಯನ್ ಜಾರಿಗೆ ತಂದ ಸಂಹಿತೆಯನ್ನು ನಾನು ಒಂಬತ್ತನೆಯ ತರಗತಿಗೆ ಎಷ್ಟು ಸಲ ಪಾಠ ಮಾಡಿಲ್ಲ! ಕಾನೂನಿನ ಮುಂದೆ ಎಲ್ಲರೂ ಸಮಾನರು, ಊಳಿಗಮಾನ್ಯ ಪದ್ಧತಿಯ ಅಂತ್ಯ, ಎರಡು ಅಂಕದ ಪ್ರಶ್ನೆ. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂದು ಅದೇ ಸಂಹಿತೆಯಲ್ಲಿ ಬರೆದಿರುವುದನ್ನು ನಾನು ಒಮ್ಮೆಯೂ ಹೇಳಿರಲಿಲ್ಲ, ಏಕೆಂದರೆ ಪಠ್ಯದಲ್ಲಿ ಇರಲಿಲ್ಲ. ಮದುವೆಯಾದವಳು ಗಂಡನ ಒಪ್ಪಿಗೆಯಿಲ್ಲದೆ ಕರಾರಿಗೆ ಸಹಿ ಹಾಕುವಂತಿಲ್ಲ, ಆಸ್ತಿ ಮಾರುವಂತಿಲ್ಲ. ಮದುವೆಯಾಗದ ಹುಡುಗಿಗೆ ತಂದೆಯ ಮನೆಯ ಕಟ್ಟಳೆ. ಆದರೆ ವಿಧವೆಗೆ ಗಂಡನೂ ಇಲ್ಲ, ತಂದೆಯ ಹಿಡಿತವೂ ಇಲ್ಲ. ಬಾಗಿಲು ಮುಚ್ಚುವಾಗ ಉಳಿದುಹೋದ ಸಂದಿಯಂತೆ, ಅವಳು ತನ್ನ ಸಹಿ ತಾನು ಹಾಕಬಹುದಿತ್ತು. ಮತ್ತೆ ಮದುವೆಯಾದರೆ ಅದೂ ಹೋಯಿತು. ಕ್ಲಿಕೋ ಎಂಬತ್ತೆಂಟು ವರ್ಷ ಬದುಕಿ 1866ರಲ್ಲಿ ತೀರಿಕೊಂಡಳು. ಮತ್ತೆ ಮದುವೆಯಾಗಲಿಲ್ಲ. ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಅಪ್ಪಣೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯಲು 1965ರವರೆಗೆ ಕಾಯಬೇಕಾಯಿತೆಂದು ಕೇಳಿ ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಓಟು ಬಂದದ್ದೂ 1944ರ ಆಜ್ಞೆಯಿಂದ. ಈ ಹೊರದೇಶದವರೆಲ್ಲ ನಮಗಿಂತ ನೂರು ವರ್ಷ ಮುಂದಿದ್ದರೆಂಬ ನಮ್ಮ ಎಣಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲ.

ಅವಳ ಮೊದಲ ವರ್ಷಗಳು ಸುಖದವೇನಲ್ಲ. ನೆಪೋಲಿಯನ್ನನ ಯುದ್ಧಗಳಿಂದ ಬಂದರುಗಳು ಮುಚ್ಚಿದ್ದವು. ಮಾವ ಜೊತೆಗೆ ಹಾಕಿಕೊಟ್ಟ ಅನುಭವಸ್ಥ ಪಾಲುದಾರ ನಾಲ್ಕು ವರ್ಷಕ್ಕೆ ಬಿಟ್ಟು ಹೋದ. 1810ರಲ್ಲಿ ಅಂಗಡಿಗೆ ‘ವಿಧವೆ ಕ್ಲಿಕೋ ಪೋನ್ಸಾರ್ಡಿನ್’ ಎಂದು ತನ್ನ ಹೆಸರೇ ಇಟ್ಟಳು. 1811ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡಿತು. ನಮ್ಮಲ್ಲಾದರೆ ಕೇಡಿನ ಸೂಚನೆ ಎನ್ನುತ್ತಿದ್ದರು. ಆ ವರ್ಷ ದ್ರಾಕ್ಷಿ ಅಪರೂಪಕ್ಕೆ ಚೆನ್ನಾಗಿ ಬಂದಿತು. ಆ ರಸವನ್ನು ಕಾದಿಟ್ಟಿದ್ದು, 1814ರಲ್ಲಿ ನೆಪೋಲಿಯನ್ ಪದಚ್ಯುತನಾದ ಕೂಡಲೇ, ಉಳಿದ ವ್ಯಾಪಾರಿಗಳು ಕಣ್ಣು ಬಿಡುವ ಮೊದಲೇ, ಒಂದು ಡಚ್ ಹಡಗಿನಲ್ಲಿ 10,550 ಶೀಷೆಗಳನ್ನು ರಷ್ಯದ ಕಡೆಗೆ ಸಾಗಿಸಿದಳು. ನಡುಬೇಸಿಗೆಯಲ್ಲಿ, ಸೆಕೆಗೆ ಒಡೆದುಹೋಗಬಹುದಾದ ಸರಕು. ಅವಳ ಮಾರಾಟಗಾರ ಲೂಯಿ ಬೋನ್ ಜೊತೆಯಲ್ಲೇ ಹೋದ. ಅಲ್ಲಿ ಕೊಳ್ಳುವವರು ಮುಗಿಬಿದ್ದರು. ಅಲ್ಲಿಂದ ಅವಳ ಕಾಲ ತಿರುಗಿತು.

ಒಡೆಯುವುದೇಕೆಂದು ಹೇಳಬೇಕು. ಈ ರಸ ಎರಡು ಸಲ ಹುದುಗುತ್ತದೆ, ಎರಡನೆಯದು ಶೀಷೆಯೊಳಗೇ. ನಾವು ದೋಸೆ ಹಿಟ್ಟನ್ನು ಗಟ್ಟಿ ಮುಚ್ಚಳದ ಡಬ್ಬದಲ್ಲಿ ಹಾಕಿ ಮರೆತರೆ ಏನಾಗುತ್ತದೋ ಹಾಗೆ. ಹೊರಹೋಗಲಾರದ ಗಾಳಿಯೇ ಆ ಪ್ರಸಿದ್ಧ ನೊರೆ. ಒಳಗಿನ ಒತ್ತಡ ಕಾರಿನ ಟಯರಿನದಕ್ಕಿಂತ ಎರಡೂವರೆ ಪಟ್ಟು. ಹಿಂದೆ ಕೆಲಸಗಾರರು ಮುಖಕ್ಕೆ ಕಬ್ಬಿಣದ ತಂತಿಯ ಮುಖವಾಡ ಕಟ್ಟಿಕೊಂಡೇ ಇಳಿಯುತ್ತಿದ್ದರಂತೆ. ಹುದುಗಿದ ಮೇಲೆ ತಳದಲ್ಲಿ ಗಸಿ ನಿಲ್ಲುತ್ತದೆ. ಅದನ್ನು ತೆಗೆಯಬೇಕು, ಗಾಳಿ ಹೋಗಬಾರದು. ಇದಕ್ಕೆ ಕ್ಲಿಕೋ ತನ್ನ ಅಡಿಗೆಮನೆಯ ಮೇಜಿಗೇ ತೂತು ಕೊರೆಸಿದಳೆಂದು ಕತೆ. 1816ರ ಸುಮಾರಿಗೆ, ತನ್ನ ಮಾಳಿಗೆಯ ಮುಖ್ಯಸ್ಥ ಮುಲ್ಲರನ ಜೊತೆ ಸೇರಿ ಆಕೆ ಹೂಡಿದ ಉಪಾಯ ಇದು: ಹಲಗೆಯ ತೂತುಗಳಲ್ಲಿ ಶೀಷೆಯ ಕತ್ತು ಸಿಕ್ಕಿಸಿ, ದಿನವೂ ಇಷ್ಟಿಷ್ಟೇ ತಿರುಗಿಸುತ್ತ, ಇಷ್ಟಿಷ್ಟೇ ತಲೆಕೆಳಗು ಮಾಡುತ್ತ ಹೋಗುವುದು. ಕೆಲವು ವಾರಗಳಲ್ಲಿ ಗಸಿಯೆಲ್ಲ ಬಾಯಿಗೆ ಬಂದು ಕೂರುತ್ತದೆ. ಬಿರಡೆ ತೆಗೆದರೆ ಅದಷ್ಟೇ ಚಿಮ್ಮಿ ಹೋಗುತ್ತದೆ. ಆ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದ್ದರು. ನನಗೆ ದೈತ್ಯರು ಆಡುವ ಅಳಗುಳಿಮಣೆಯಂತೆ ಕಂಡಿತು. ಈಗ ಬಹುಪಾಲು ಯಂತ್ರವೇ ತಿರುಗಿಸುತ್ತದೆ.

ಸುರಂಗದ ಆ ತಿರುವಿನಲ್ಲೇ ಮಾರ್ಗದರ್ಶಿ ನನ್ನ ಕಡೆ ತಿರುಗಿ, ನಿಮ್ಮ ಭಾಷೆಯಲ್ಲಿ ‘ವವ್’ಗೆ ಏನನ್ನುತ್ತಾರೆ ಎಂದು ಸಹಜವಾಗಿ ಕೇಳಿದಳು. ಜಪಾನಿ ಹುಡುಗಿಯರು ತಮ್ಮ ಪದವನ್ನು ಆಗಲೇ ಹೇಳಿಯಾಗಿತ್ತು. ನಾನು “ವಿಧವೆ” ಎಂದೆ. ಅವಳು “ವಿದವೇ, ವಿದವೇ” ಎಂದು ಎರಡು ಸಲ ಹೇಳಿ, ನಮ್ಮ ಪದದ ಹಾಗೆಯೇ ಇದೆಯಲ್ಲ ಎಂದು ಸಂತೋಷಪಟ್ಟಳು. ಅದು ಪುಸ್ತಕದ ಪದ. ನಮ್ಮ ಬೀದಿಯ ಪದ ಬೇರೆ. ‘ಮುಂಡೆ’ ಎಂಬುದು ಬೈಗುಳವಲ್ಲದೆ ಬೇರೆ ಯಾವುದಾದರೂ ರೀತಿಯಲ್ಲಿ ನಮ್ಮ ಬಾಯಲ್ಲಿ ಬರುತ್ತದೆಯೆ? ನಲ್ಲಿಯ ಹತ್ತಿರ ಜಗಳವಾದರೆ ಮೊದಲು ಹೊರಡುವ ಮಾತು ಅದೇ. ಮುದ್ದು ಬಂದರೂ ಮಕ್ಕಳನ್ನು ‘ಬಾರೋ ಮುಂಡೇದೇ’ ಎನ್ನುತ್ತೇವೆ. ನಾನೂ ತರಗತಿಯಲ್ಲಿ ಅಂದದ್ದುಂಟು, ಮೊದಲು, ಎಂದರೆ ನಾಲ್ಕು ವರ್ಷದ ಹಿಂದಿನವರೆಗೆ.

ಮಧ್ಯಾಹ್ನ ದ್ರಾಕ್ಷಿ ಬೆಟ್ಟಗಳ ಕಡೆ ಹೊರಟೆವು. ಓವಿಲೇ ಎಂಬ ಹಳ್ಳಿಯ ಚರ್ಚಿನಲ್ಲಿ ಡಾಂ ಪೆರಿನ್ಯೋಂ ಎಂಬ ಸಂನ್ಯಾಸಿಯ ಸಮಾಧಿಯಿದೆ. ಶಾಂಪೇನನ್ನು ಕಂಡುಹಿಡಿದವನೆಂದು ಅವನಿಗೆ ಹೆಸರು. ನಿಜದಲ್ಲಿ ಅವನ ಕಾಲದಲ್ಲಿ ನೊರೆ ಒಂದು ದೋಷ, ಅದು ಬಾರದಂತೆ ಮಾಡಲೇ ಅವನು ಹೆಣಗಿದವನು. ಗಂಡಸರಿಗೆ ಮಾಡದ ಕೆಲಸಕ್ಕೂ ಹೆಸರು ಬರುತ್ತದೆ ಎಂದು ಮಗಳ ಕಿವಿಯಲ್ಲಿ ಹೇಳಿದೆ. ಚರ್ಚಿನ ಹಿಂದಿನ ಬೆಂಚಿನ ಮೇಲೆ ಕುಳಿತು ಚಪಾತಿ ಪಲ್ಯ ತಿಂದೆವು.

ಅಲ್ಲಿಂದ ನೋಡಿದರೆ ಕಣ್ಣಿಗೆ ಎಟುಕುವವರೆಗೂ ದ್ರಾಕ್ಷಿ ಸಾಲುಗಳು, ಬಾಚಿದ ತಲೆಯಂತೆ. ನಾನು ದೊಡ್ಡಬಳ್ಳಾಪುರದ ಕಡೆಯವಳು. ನಮ್ಮಲ್ಲಿ ದ್ರಾಕ್ಷಿಯೆಂದರೆ ಕಲ್ಲುಕಂಬದ ಮೇಲಿನ ಚಪ್ಪರ, ಅಡಿಯಲ್ಲಿ ನೆರಳು, ತಲೆಯ ಮೇಲೆ ತೂಗುವ ‘ಬೆಂಗಳೂರು ನೀಲಿ’ ಗೊಂಚಲು. ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತಾರೆ. ಇಲ್ಲಿ ಬಳ್ಳಿ ಸೊಂಟದ ಮಟ್ಟಕ್ಕೆ ನಿಂತುಬಿಡುತ್ತದೆ, ಬೆಳೆ ಒಂದೇ, ಸೆಪ್ಟೆಂಬರಿನ ಸುಮಾರಿಗೆ. ಒಂದೊಂದು ಗೊಂಚಲನ್ನೂ ಕೈಯಲ್ಲೇ ಕೊಯ್ಯಬೇಕೆಂದು ನಿಯಮ. ಹೆಚ್ಚಿನ ಹಣ್ಣು ಕಪ್ಪು. ಸಿಪ್ಪೆಯ ಬಣ್ಣ ಇಳಿಯದಂತೆ ಮೆಲ್ಲನೆ ಹಿಂಡಿ ಕಪ್ಪು ಹಣ್ಣಿನಿಂದ ಬಿಳಿಯ ರಸ ತೆಗೆಯುತ್ತಾರೆ. ಸಾಲುಗಳ ನಡುವೆ ಇಬ್ಬರು ಹೆಂಗಸರು ಬಗ್ಗಿಕೊಂಡು, ಬೇಡದ ಕುಡಿ ಚಿವುಟುತ್ತ, ಬೇಕಾದ ಕುಡಿಯನ್ನು ತಂತಿಯೊಳಗೆ ಸೇರಿಸುತ್ತ ಬರುತ್ತಿದ್ದರು. ನೋಡುವುದಿಲ್ಲ, ಬೆರಳಿಗೇ ಗೊತ್ತು ಯಾವುದು ಬೇಕು ಯಾವುದು ಬೇಡವೆಂದು. ಆ ಬೆರಳು ನೋಡಿದಾಗ ನನಗೆ ಅಕ್ಕಯ್ಯ ನೆನಪಾದಳು.

ಅಕ್ಕಯ್ಯ ನಮ್ಮ ತಂದೆಯ ಅಕ್ಕ, ಊರಿಗೆಲ್ಲ ಅಕ್ಕಯ್ಯ. ಇಪ್ಪತ್ತೈದಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ನಾನು ಕಣ್ಣು ಬಿಟ್ಟಾಗಿನಿಂದ ನಮ್ಮ ತೋಟ ನಡೆಸುತ್ತಿದ್ದವಳು ಅವಳೇ. ಯಾವ ಬಳ್ಳಿಯನ್ನು ಎಲ್ಲಿಗೆ ಸವರಬೇಕು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು ಸುಣ್ಣ ಎಷ್ಟು, ಮಂಡಿಯವನು ಯಾವ ವಾರ ಮೋಸ ಮಾಡುತ್ತಾನೆ, ಎಲ್ಲ ಅವಳ ತಲೆಯಲ್ಲಿತ್ತು. ಆ ಬೋರ್ಡೋ ಎಂಬುದು ಈ ಫ್ರಾನ್ಸಿನದೇ ಒಂದು ಊರು, ದ್ರಾಕ್ಷಿಯ ರೋಗಕ್ಕೆ ಅಲ್ಲಿಯವರು 1885ರಲ್ಲಿ ಪ್ರಕಟಿಸಿದ ಔಷಧ ಅದು ಎಂಬುದು ಅವಳಿಗೆ ತಿಳಿಯದು, ನನಗೂ ತಿಳಿದದ್ದು ಬಿ.ಎ. ಆದ ಮೇಲೆ. ಪೆಟ್ಟಿಗೆಗಳ ಮೇಲೆ ಬರೆಯುತ್ತಿದ್ದದ್ದು ನಮ್ಮ ಚಿಕ್ಕಪ್ಪನ ಹೆಸರಿನ ಮೊದಲಕ್ಷರ. ಪಟ್ಟಿ ಬರುತ್ತಿದ್ದದ್ದು ಅವನ ಹೆಸರಿಗೆ. ಮೊದಲ ಕೊಯ್ಲಿನ ದಿನ ತೋಟದಲ್ಲಿ ಪೂಜೆ ಮಾಡಿ, ಲಾರಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಡಿಸುತ್ತಿದ್ದರು. ಆ ಹೊತ್ತು ಅಕ್ಕಯ್ಯ ಮನೆಯ ಹಿತ್ತಿಲಿಗೆ ಹೋಗಿ ಪಾತ್ರೆ ಬೆಳಗುತ್ತ ಕೂರುತ್ತಿದ್ದಳು. ಹೊರಡುವ ಸರಕಿಗೆ ಅವಳ ಮುಖ ಎದುರಾಗಬಾರದೆಂದು. ಯಾರೂ ಹೋಗೆನ್ನುತ್ತಿರಲಿಲ್ಲ. ಲಾರಿಯ ಸದ್ದು ತಿರುವು ದಾಟಿದ ಮೇಲೆ ಕೈ ಒರೆಸಿಕೊಂಡು ಬಂದು, “ಎಷ್ಟು ಪೆಟ್ಟಿಗೆ ಆಯಿತು?” ಎನ್ನುತ್ತಿದ್ದಳು. ಎಷ್ಟೆಂದು ಅವಳಿಗೇ ಎಲ್ಲರಿಗಿಂತ ಮೊದಲು ಗೊತ್ತಿರುತ್ತಿತ್ತು.

ಕಾನೂನು ಇರಲಿಲ್ಲವೆನ್ನುವಂತಿಲ್ಲ. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಬಂದಿತ್ತು. 1956ರ ಉತ್ತರಾಧಿಕಾರ ಕಾಯಿದೆಯಿಂದ ಗಂಡನ ಆಸ್ತಿಯಲ್ಲಿ ವಿಧವೆಗೆ ಪೂರ್ಣ ಹಕ್ಕೂ ಸಿಕ್ಕಿತ್ತು. ಅಕ್ಕಯ್ಯನ ಗಂಡ ಹೋದದ್ದು ಅದಾದ ಮೇಲೆಯೇ. ಅವಳು ಭಾವ ಮೈದುನರ ಮುಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಒಂದು ಟ್ರಂಕು ತೆಗೆದುಕೊಂಡು ಬಂದಳು. ಒತ್ತದಿದ್ದರೆ ಒಳ್ಳೆಯವಳಲ್ಲ ಎನ್ನುತ್ತಿದ್ದರು. ಕ್ಲಿಕೋಗೆ ಊರ ದೊಡ್ಡ ಮನುಷ್ಯನಾದ ಅಪ್ಪನಿದ್ದ, ದುಡ್ಡು ಹಾಕುವ ಮಾವನಿದ್ದ. ಅವರಪ್ಪ ಮುಂದೆ ಈ ಊರಿನ ಮೇಯರೇ ಆದ. ಇದನ್ನು ಮರೆತು ಅವಳನ್ನು ದೇವತೆ ಮಾಡಿ ಕೂರಿಸುವುದು ಬೇಡ. ಕೊನೆಗೆ ವ್ಯಾಪಾರವನ್ನು ಆಕೆಯೂ ಮಗಳಿಗೆ ಬಿಡಲಿಲ್ಲ, ತನ್ನ ಪಾಲುದಾರ ವೆರ್ಲೆಗೆ ಬಿಟ್ಟಳು. ಸ್ವಂತ ಮಗಳ ಕೈಯನ್ನು ಅವಳೇ ನಂಬಲಿಲ್ಲವೋ ಏನೋ. ಅದನ್ನು ಕೇಳಿ ನನಗೆ ಬೇಸರವಾಯಿತು.

ಕೊನೆಗೆ ಮತ್ತೆ ಊರಿಗೆ ಬಂದು ಪೊಮ್ಮೆರಿಯವರ ಮಾಳಿಗೆ. ಇಳಿಯಲು ನೂರಾ ಹದಿನಾರು ಮೆಟ್ಟಿಲು. ನನ್ನ ಮೊಣಕಾಲು ಒಂದೊಂದನ್ನೂ ಲೆಕ್ಕ ಹಾಕಿತು. ಇದನ್ನು ಕಟ್ಟಿಸಿದವಳೂ ವಿಧವೆ, ಲೂಯಿಸ್ ಪೊಮ್ಮೆರಿ. 1858ರಲ್ಲಿ ಗಂಡ ತೀರಿಕೊಂಡಾಗ ನಲವತ್ತರ ಹತ್ತಿರ ಇದ್ದವಳು, ಕೈಯಲ್ಲಿ ಎಳೆಯ ಮಗು. ಹದಿನೆಂಟು ಕಿಲೋಮೀಟರು ಸುರಂಗ ತೋಡಿಸಿ, ಒಂದೊಂದಕ್ಕೆ ಸರಕು ಹೋಗುವ ಒಂದೊಂದು ಊರಿನ ಹೆಸರಿಟ್ಟಳು. ಆಗಿನ ಶಾಂಪೇನ್ ಪಾಯಸದಂತೆ ಸಿಹಿ. ಸಕ್ಕರೆ ಕಡಿಮೆ ಮಾಡಿದ ರಸವನ್ನು 1874ರಲ್ಲಿ ಇಂಗ್ಲಿಷರಿಗೆ ಮಾರಿ ಗೆದ್ದವಳು ಇವಳು. ಪ್ಯಾರಿಸ್ಸಿನ ಓರ್ಸೇ ಚಿತ್ರಶಾಲೆಯಲ್ಲಿ ನಾನು ಹಿಂದಿನ ವಾರವೇ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದೆ. ಕೊಯ್ಲಾದ ಹೊಲದಲ್ಲಿ ಮೂವರು ಬಡ ಹೆಂಗಸರು ಬಗ್ಗಿ ಹಕ್ಕಲು ಆಯುತ್ತಿರುವ ಮಿಲೇಯ ಚಿತ್ರ. ಅದನ್ನು ಕೊಂಡು ದೇಶಕ್ಕೆ ಬಿಟ್ಟುಕೊಟ್ಟವಳು ಈ ಪೊಮ್ಮೆರಿಯೇ ಅಂತೆ! ಇವಳ ನಂತರವೂ ಇಂಥವರು ಬಂದರು. 1941ರಲ್ಲಿ, ಜರ್ಮನ್ನರು ಊರಲ್ಲಿ ಕೂತಿದ್ದ ಕಾಲದಲ್ಲಿ ಗಂಡನನ್ನು ಕಳೆದುಕೊಂಡ ಲಿಲಿ ಬೊಲಾಂಜೆ, ಸೈಕಲ್ಲಿನ ಮೇಲೆ ತೋಟ ಸುತ್ತಿ ವ್ಯಾಪಾರ ಉಳಿಸಿದಳು. ‘ವಿಧವೆ’ ಎಂದರೆ ಒಳ್ಳೆಯ ಸರಕು ಎಂಬ ನಂಬಿಕೆ ಎಷ್ಟು ಬೆಳೆಯಿತೆಂದರೆ, ಬೇರೆ ಕೆಲವರೂ ಮಾರಾಟಕ್ಕಾಗಿ ಆ ಪದವನ್ನು ಚೀಟಿಗೆ ಸೇರಿಸಿಕೊಂಡರಂತೆ.

ಆದರೆ ಆ ಮಾಳಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೊದಲ ಮಹಾಯುದ್ಧದಲ್ಲಿ ಈ ಊರಿನ ಮೇಲೆ ವರ್ಷಗಟ್ಟಲೆ ಗುಂಡು ಬೀಳುತ್ತಿದ್ದಾಗ ಜನ ಈ ಸುರಂಗಗಳಲ್ಲೇ ವಾಸ ಮಾಡಿದರು. 1914ರ ಡಿಸೆಂಬರಿನಲ್ಲಿ ಇಲ್ಲೊಂದು ಶಾಲೆ ತೆರೆದರು. ಬೆಂಚು, ಕರಿಹಲಗೆ, ದೀಪ, ಶೀಷೆಯ ಸಾಲುಗಳ ನಡುವೆ ಮಕ್ಕಳು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಆ ವರ್ಷದ ಕೊಯ್ಲನ್ನು ಹೆಂಗಸರು, ಮುದುಕರು, ಇದೇ ಮಕ್ಕಳು ಗುಂಡಿನ ನಡುವೆ ಮಾಡಿದ್ದರು. ಮಾರ್ಗದರ್ಶಿ ಮುಂದೆ ಹೋದಳು. ನಾನು ನಿಂತೇ ಇದ್ದೆ. ಮೇಲೆ ಸಿಡಿತಲೆ ಬೀಳುತ್ತಿರುವಾಗ ಮಗ್ಗಿ ಹೇಳಿಸುವುದು ಹೇಗೆ? ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದಿದ್ದರೆ? ಆ ಟೀಚರುಗಳ ಹೆಸರನ್ನು ಯಾವ ಶೀಷೆಯ ಮೇಲೂ ಬರೆದಿಲ್ಲ. ಗೋಡೆಯಿಂದ ಉದುರಿದ ಒಂದು ಸುಣ್ಣದ ಚೂರು ಕಾಲಬಳಿ ಇತ್ತು. ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡೆ. ಕಳ್ಳತನವೇ ಇರಬಹುದು. ಈಗ ಅದು ನನ್ನ ಮೇಜಿನ ಮೇಲಿದೆ, ಬರೆದರೆ ಚೆನ್ನಾಗಿ ಬರೆಯುತ್ತದೆ.

ಮೇಲೆ ಬಂದ ಮೇಲೆ ರುಚಿ ನೋಡುವ ಕಾರ್ಯಕ್ರಮ. ಎತ್ತರದ ತೆಳು ಲೋಟಗಳಲ್ಲಿ ಹುಲ್ಲಿನ ಬಣ್ಣದ ರಸ, ತಳದಿಂದ ಮೇಲಕ್ಕೆ ಏಳುವ ಮಣಿಸರ. ನೋಡಲು ಅಂದವೆಂದು ಒಪ್ಪಲೇಬೇಕು. ನನಗೆ ಹಣ್ಣಿನ ರಸ ತರಿಸಲೇ ಎಂದು ಮಗಳು ಕೇಳಿದಳು. ಬೇಡವೆಂದು ಒಂದು ಗುಟುಕು ಕುಡಿದೆ. ಹುಳಿ ಬಂದ ಮಜ್ಜಿಗೆಗೆ ಸೋಡಾ ಬೆರೆಸಿದಂತಿತ್ತು. ಇಷ್ಟಕ್ಕೆ ಇಷ್ಟೊಂದು ಯುದ್ಧ, ಹಡಗು, ಸುರಂಗವೇ ಎನ್ನಿಸಿ ನಗು ಬಂತು. ಉಳಿದದ್ದನ್ನು ಮಗಳ ಲೋಟಕ್ಕೆ ಸುರಿದೆ, ಇದನ್ನು ಅವಳ ಅತ್ತೆಯ ಮನೆಯವರು ಓದದಿರಲಿ.

ಹೊರಡುವ ಮುನ್ನ ಮಾರ್ಗದರ್ಶಿ ಎಲ್ಲರೂ ಲೋಟ ಎತ್ತಿ ತಮಗೆ ಬೇಕಾದ ಒಬ್ಬರ ಹೆಸರು ಹೇಳಿರೆಂದಳು. ಅಮೆರಿಕದವರು ತಮ್ಮ ಮೊಮ್ಮಕ್ಕಳ ಹೆಸರು ಹೇಳಿದರು. ಜಪಾನಿ ಹುಡುಗಿಯರು ಒಬ್ಬರನ್ನೊಬ್ಬರು ಹೆಸರಿಸಿಕೊಂಡು ನಕ್ಕರು. ನನ್ನ ಸರದಿ ಬಂದಾಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವರಪ್ಪನ ಹೆಸರು ಬರುತ್ತದೆಂದು. ನಾನು ಖಾಲಿ ಲೋಟ ಎತ್ತಿ, ಅಕ್ಕಯ್ಯನಿಗೆ ತಾಯಿತಂದೆ ಇಟ್ಟಿದ್ದ ಹೆಸರನ್ನು ಹೇಳಿದೆ.

“ಅದು ಯಾರಮ್ಮ?” ಎಂದಳು ಮಗಳು.

ರೈಲಿನಲ್ಲಿ ಹೇಳುತ್ತೇನೆ ಬಾ ಎಂದೆ. ನಲವತ್ತೈದು ನಿಮಿಷ ಸಾಲಲಿಲ್ಲ.